ಗ್ಯಾರೇಜ್ ತೆರೆಯುತ್ತಿರುವ ಹುಡುಗನಿಗೆ, ಆಯಿಲ್ ಫಿಲ್ಟರ್ ಕುರಿತು

ತಮ್ಮಾ, ಸ್ವಂತ ಶೆಡ್ ಹಾಕುತ್ತಿದ್ದೀಯ ಎಂದು ಕೇಳಿ ಸಂತೋಷವಾಯಿತು. ಟೂಲ್ಸ್, ಲಿಫ್ಟ್, ಬಾಡಿಗೆ, ಅಡ್ವಾನ್ಸ್, ಇವುಗಳ ಲೆಕ್ಕವನ್ನು ನಿನಗೆ ಯಾರು ಬೇಕಾದರೂ ಹೇಳಿಕೊಡುತ್ತಾರೆ. ನಾನು ಹೇಳಬೇಕಾದ್ದು ಮುಷ್ಟಿಯಲ್ಲಿ ಹಿಡಿಸುವ ಒಂದು ಸಾಮಾನಿನ ಬಗ್ಗೆ. ಬಾಗಿಲು ತೆರೆದ ಮೊದಲ ವಾರದಲ್ಲೇ ಯಾರಾದರೂ ಗಿರಾಕಿ ಕೇಳುತ್ತಾನೆ: "ಅಣ್ಣಾ, ಆಯಿಲ್ ಫಿಲ್ಟರ್ ಕಂಪನಿದೇ ಹಾಕ್ತೀರಾ, ಹೊರಗಿಂದಾ?" ಆ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಡಬೇಡ.

ಬ್ರೇಕ್ ಪ್ಯಾಡ್ ಕಳಪೆಯಾದರೆ ಕಿರುಗುಟ್ಟುತ್ತದೆ. ಬಲ್ಬ್ ಕಳಪೆಯಾದರೆ ಸುಟ್ಟುಹೋಗುತ್ತದೆ. ವೈಪರ್ ಕೆಟ್ಟರೆ ಮೊದಲ ಮಳೆಯಲ್ಲೇ ಗೊತ್ತಾಗುತ್ತದೆ. ಆಯಿಲ್ ಫಿಲ್ಟರ್ ಮಾತ್ರ ಕಳಪೆಯಾದರೂ ಬಾಯಿ ಬಿಡುವುದಿಲ್ಲ. ಗಾಡಿ ಸ್ಟಾರ್ಟ್ ಆಗುತ್ತದೆ, ಆಯಿಲ್ ಲೈಟ್ ಆರುತ್ತದೆ, ಗಿರಾಕಿ ಹಣ ಕೊಟ್ಟು ಹೋಗುತ್ತಾನೆ. ಸವೆತ ತೋರುವುದು ಐವತ್ತು, ಅರವತ್ತು ಸಾವಿರ ಕಿಲೋಮೀಟರ್ ಆದಮೇಲೆ. ಆಗ ಇಂಜಿನ್ ಬಿಚ್ಚಿದವನು ಓನರ್‌ನನ್ನು ಬೈಯುತ್ತಾನೆ, ಆಯಿಲ್ ಬೈಯುತ್ತಾನೆ, ಕಂಪನಿಯನ್ನೂ ಬೈಯುತ್ತಾನೆ. ಎಂದೋ ಹಾಕಿ ಎಂದೋ ಎಸೆದ ಫಿಲ್ಟರ್ ಯಾರ ನೆನಪಿನಲ್ಲೂ ಇರುವುದಿಲ್ಲ. ಕೊಳ್ಳುವವನ ಕಣ್ಣಿಗೆ ದೋಷ ಕಾಣದ ಇಂಥ ಸಾಮಾನಿನಲ್ಲಿ ಗಿರಾಕಿ ನಂಬುವುದು ಡಬ್ಬವನ್ನಲ್ಲ, ನಿನ್ನನ್ನು. ಅದಕ್ಕೇ ಇದರ ಒಳಗು ನಿನಗೆ ಚೆನ್ನಾಗಿ ಗೊತ್ತಿರಬೇಕು.

1920ರ ದಶಕಕ್ಕೆ ಮುಂಚೆ ಕಾರುಗಳಿಗೆ ಇಂಥ ಫಿಲ್ಟರ್ ಇರಲಿಲ್ಲ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಅದನ್ನು ರೂಪಿಸಿದ. ಆ ಕಾಲದ ಫಿಲ್ಟರ್‌ಗಳಲ್ಲಿ ಎಣ್ಣೆಯ ಒಂದು ಪಾಲು ಮಾತ್ರ ಸೋಸಿ ಬರುತ್ತಿತ್ತು. ಈಗಿನ ಕಾರುಗಳಲ್ಲಿ ಪಂಪ್ ತಳ್ಳಿದ ಎಣ್ಣೆಯೆಲ್ಲ ಫಿಲ್ಟರ್ ದಾಟಿಯೇ ಬೇರಿಂಗ್ ಸೇರಬೇಕು. ತಗಡಿನ ಡಬ್ಬದ ಫಿಲ್ಟರನ್ನು ಬೋರಲು ಹಾಕಿ ನೋಡು: ಸುತ್ತಲಿನ ಸಣ್ಣ ತೂತುಗಳಿಂದ ಎಣ್ಣೆ ಒಳಗೆ ಹೋಗುತ್ತದೆ, ಮಡಿಕೆ ಮಡಿಕೆಯಾದ ಕಾಗದವನ್ನು ಹೊರಗಿನಿಂದ ಒಳಕ್ಕೆ ದಾಟುತ್ತದೆ, ನಡುವಿನ ಥ್ರೆಡ್ ಇರುವ ತೂತಿನಿಂದ ಇಂಜಿನ್ನಿಗೆ ಮರಳುತ್ತದೆ. ಕಾಗದ ಕಟ್ಟಿಕೊಂಡರೆ ಅಥವಾ ಬೆಳಗಿನ ಚಳಿಗೆ ಎಣ್ಣೆ ಮಂದವಾಗಿದ್ದರೆ ಇಂಜಿನ್ ಒಣಗಬಾರದಲ್ಲ, ಅದಕ್ಕೆ ಸ್ಪ್ರಿಂಗ್ ಇರುವ ಬೈಪಾಸ್ ವಾಲ್ವ್ ಇದೆ. ಕಾಗದದ ಎರಡು ಬದಿಯ ಒತ್ತಡದ ವ್ಯತ್ಯಾಸ ಸುಮಾರು 1 ಬಾರ್ ಆಸುಪಾಸಿಗೆ ಬಂದಾಗ ಅದು ತೆರೆದು ಸೋಸದ ಎಣ್ಣೆಯನ್ನೇ ಬಿಡುತ್ತದೆ. ಕೊಳೆ ಎಣ್ಣೆ ಕೆಟ್ಟದ್ದು, ಎಣ್ಣೆಯೇ ಇಲ್ಲದಿರುವುದು ಅದಕ್ಕಿಂತ ಕೆಟ್ಟದ್ದು. ಎಷ್ಟು ಒತ್ತಡಕ್ಕೆ ತೆರೆಯಬೇಕು ಎಂಬುದು ಇಂಜಿನ್‌ನಿಂದ ಇಂಜಿನ್‌ಗೆ ಬೇರೆ.

ಇನ್ನೊಂದು, ತೂತುಗಳ ಹಿಂದೆ ಕಾಣುವ ರಬ್ಬರ್ ಬಿಲ್ಲೆ. ಇಂಜಿನ್ ನಿಂತಾಗ ಎಣ್ಣೆ ಜಾರಿ ಸಂಪ್‌ಗೆ ಇಳಿಯದ ಹಾಗೆ ತಡೆಯುವುದು ಅದೇ. ಅಡ್ಡಡ್ಡ ಕೂರುವ ಫಿಲ್ಟರ್‌ಗಳಲ್ಲಂತೂ ಅದರ ಕೆಲಸ ದೊಡ್ಡದು. ಅಗ್ಗದ ರಬ್ಬರ್ ಬಿಸಿಗೆ ಗಟ್ಟಿಯಾಗಿ ಬಾಗುವುದನ್ನೇ ಮರೆಯುತ್ತದೆ. ಸಿಲಿಕೋನ್ ಹೆಚ್ಚು ದಿನ ಮೆತ್ತಗಿರುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಎರಡು ಮೂರು ಸೆಕೆಂಡ್ ಟೈಮಿಂಗ್ ಚೈನ್ ಕಡೆಯಿಂದ ಕಟಕಟ ಸದ್ದು ಬಂದು ನಿಂತರೆ, ಚೈನ್ ಕಿಟ್ ಹೇಳುವ ಮುಂಚೆ ಕೆಳಗೆ ಬಗ್ಗಿ ಯಾವ ಫಿಲ್ಟರ್ ಹಾಕಿದ್ದಾರೆ ಎಂದು ನೋಡು. ಗಿರಾಕಿಗೆ ಸಾವಿರಾರು ರೂಪಾಯಿ ಉಳಿದೀತು.

ಈಗ ಕಂಪನಿಯದಾ, ಹೊರಗಿನದಾ ಎಂಬ ಮಾತಿಗೆ ಬರೋಣ. ಕಾರು ಮಾಡುವ ಕಂಪನಿಗಳು ಸಾಮಾನ್ಯವಾಗಿ ಫಿಲ್ಟರ್ ತಾವೇ ಮಾಡುವುದಿಲ್ಲ. ಅಳತೆ, ಕಾಗದದ ಗುಣ, ವಾಲ್ವ್‌ನ ಒತ್ತಡ ಇಷ್ಟಿಷ್ಟೇ ಇರಬೇಕೆಂದು ಬರೆದುಕೊಟ್ಟು ಮಾನ್, ಮಾಹ್ಲೆ, ಬಾಷ್ ಇಂಥ ಬಿಡಿಭಾಗದ ಕಂಪನಿಗಳಿಂದ ಮಾಡಿಸುತ್ತವೆ. ಅದೇ ತಯಾರಕರು ತಮ್ಮ ಹೆಸರಿನ ಡಬ್ಬದಲ್ಲೂ ಅಂಗಡಿಗೆ ಮಾಲು ಬಿಡುತ್ತಾರೆ. ಹಾಗೆಂದು ಎರಡು ಡಬ್ಬದೊಳಗೂ ಒಂದೇ ಮಾಲು ಎಂದು ಕಣ್ಣುಮುಚ್ಚಿ ಹೇಳಬೇಡ. ಕೆಲವೊಮ್ಮೆ ಒಂದೇ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಆದರೆ ಕಾರು ಕಂಪನಿಗೆ ಕೊಡುವಷ್ಟು ಶಿಸ್ತು ಇರುವವನ ಹೆಸರಿನ ಫಿಲ್ಟರ್, ನಿನ್ನ ಗಾಡಿಯ ಮಾಡೆಲ್‌ಗೇ ಅಂತ ಅವನ ಪಟ್ಟಿಯಲ್ಲಿ ಇದ್ದರೆ, ಹೆದರದೆ ಹಾಕಬಹುದು.

ನೀನು ಮೊಬೈಲಿನಲ್ಲಿ ನೋಡುವ ಫಿಲ್ಟರ್ ಕೊಯ್ಯುವ ವಿಡಿಯೋಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿ ಜನ ಮನೆಯಂಗಳದಲ್ಲೇ ಎಣ್ಣೆ ಬದಲಿಸುತ್ತಾರೆ, ಅಂಗಡಿಯ ಕಪಾಟಿನಲ್ಲಿ ಹತ್ತು ಹೆಸರು ಸಾಲಾಗಿ ಇರುತ್ತವೆ, ಅವರ ವಾದ ಯಾವ ಹೆಸರು ಮೇಲು ಎನ್ನುವುದು. ನಮ್ಮ ಕಷ್ಟ ಬೇರೆ. ಸಣ್ಣ ಪೆಟ್ರೋಲ್ ಕಾರಿನ ಜೆನ್ಯೂನ್ ಫಿಲ್ಟರ್ ನಮ್ಮಲ್ಲಿ ಒಂದು ಲೀಟರ್ ಆಯಿಲ್‌ಗಿಂತ ಅಗ್ಗ. ಅದಕ್ಕೂ ಒಳ್ಳೆಯ ಹೊರಗಿನ ಫಿಲ್ಟರ್‌ಗೂ ಇರುವ ಅಂತರದಲ್ಲಿ ನಾಲ್ಕು ಜನ ಕಾಫಿ ಕುಡಿಯಬಹುದು, ಅಷ್ಟೆ. ನಮ್ಮಲ್ಲಿ ಇಂಜಿನ್ ಹಾಳುಮಾಡುವುದು ಈ ಎರಡೂ ಅಲ್ಲ. ಕಂಪನಿಯ ಹೆಸರು ಅಚ್ಚುಹಾಕಿದ ಡುಪ್ಲಿಕೇಟ್, ಮತ್ತೆ ಯಾರು ಮಾಡಿದರೆಂದು ಡಬ್ಬದ ಮೇಲೆ ವಿಳಾಸವೇ ಇಲ್ಲದ ಲೋಕಲ್ ಮಾಲು, ಹಾಳುಮಾಡುವುದು ಇವೆರಡು. ಆದ್ದರಿಂದ ಗಿರಾಕಿ ಕಂಪನಿಯದಾ ಎಂದು ಕೇಳಿದಾಗ ನೀನು ನಿನ್ನೊಳಗೆ ಕೇಳಿಕೊಳ್ಳಬೇಕಾದ್ದು, ಇದು ಎಲ್ಲಿಂದ ಬಂತು ಎಂದು.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಒಂದೇ ಸಾಲಿನಲ್ಲಿ ಎಲ್ಲವೂ ಸಿಗುತ್ತದೆ. ಅಲ್ಲಿ ತಲೆಮಾರುಗಳಿಂದ ನಿಯತ್ತಾಗಿ ವ್ಯಾಪಾರ ಮಾಡುವವರಿದ್ದಾರೆ, ಅವರನ್ನು ಹುಡುಕಿಕೋ. ಅಧಿಕೃತ ಡಿಸ್ಟ್ರಿಬ್ಯೂಟರ್ ಯಾರು ಎಂದು ತಯಾರಕರ ಆಫೀಸಿಗೇ ಫೋನ್ ಮಾಡಿ ಕೇಳು, ಹೇಳುತ್ತಾರೆ. ಪ್ರತಿ ಸಲ ಜಿಎಸ್‌ಟಿ ಬಿಲ್ ಹಾಕಿಸು. ಬಿಲ್ ಬೇಡವೆಂದರೆ ಇಪ್ಪತ್ತು ರೂಪಾಯಿ ಕಡಿಮೆ ಎನ್ನುವವನ ಅಂಗಡಿಯಲ್ಲಿ ಫಿಲ್ಟರ್ ಕೊಳ್ಳಬೇಡ. ಡಬ್ಬದ ಮೇಲಿನ ಪಾರ್ಟ್ ನಂಬರ್, ತಯಾರಾದ ತಿಂಗಳು, ಎಂಆರ್‌ಪಿ ಓದು. ಅದೇ ನಂಬರ್ ಫಿಲ್ಟರಿನ ಮೈಮೇಲೂ ಇದೆಯೇ ಎಂದು ತಾಳೆ ನೋಡು. ಹಾಲೋಗ್ರಾಂ ಒಂದನ್ನೇ ನಂಬಬೇಡ, ಅದನ್ನೂ ಅಚ್ಚು ಹಾಕುವವರಿದ್ದಾರೆ. ಖಾಲಿಯಾದ ಜೆನ್ಯೂನ್ ಡಬ್ಬಗಳನ್ನು ಹಾಗೇ ಗುಜರಿಗೆ ಹಾಕದೆ ಹರಿದು ಹಾಕು. ನಿನ್ನ ಶೆಡ್‌ನಿಂದ ಹೋದ ಡಬ್ಬದಲ್ಲಿ ನಕಲಿ ಮಾಲು ತುಂಬಿ ಇನ್ನೊಬ್ಬನ ಇಂಜಿನ್‌ಗೆ ಹೋಗಬಾರದು. ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ ಪ್ರಕಾರ ನಕಲಿ ಗುರುತಿನ ಸಾಮಾನು ಮಾರುವುದು ಮೂರು ವರ್ಷದವರೆಗೆ ಜೈಲಾಗುವ ಅಪರಾಧ ಎಂಬುದೂ ತಿಳಿದಿರಲಿ.

ಹೊಸ ಹೆಸರಿನ ಫಿಲ್ಟರ್ ಸ್ಟಾಕ್ ಮಾಡುವ ಮುಂಚೆ ಒಂದನ್ನು ನಿನ್ನ ಖರ್ಚಿನಲ್ಲೇ ಕೊಯ್ದು ನೋಡು. ಹ್ಯಾಕ್ಸಾ ಬ್ಲೇಡ್ ಬೇಡ, ಅದರ ಪುಡಿಯೇ ಒಳಗೆ ಬಿದ್ದು ಗೊಂದಲವಾಗುತ್ತದೆ. ಫಿಲ್ಟರ್ ಕಟರ್ ತಗೋ. ಕಾಗದದ ಮಡಿಕೆಗಳು ಒಂದೇ ಅಂತರದಲ್ಲಿವೆಯೇ? ಎರಡು ತುದಿಯಲ್ಲಿ ಅಂಟು ಸುತ್ತಲೂ ಹಿಡಿದಿದೆಯೇ, ಅಥವಾ ಬೆರಳಿಟ್ಟರೆ ಸಂದು ಬಿಡುತ್ತದೆಯೇ? ಆ ಸಂದಿನಿಂದ ಎಣ್ಣೆ ಸೋಸದೇ ನುಗ್ಗುತ್ತದೆ, ಕಾಗದ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ಬೈಪಾಸ್ ಸ್ಪ್ರಿಂಗ್ ಒತ್ತಿ ನೋಡು. ನಕಲಿಯಲ್ಲಿ ವಾಲ್ವ್ ಹೆಸರಿಗೆ ಮಾತ್ರ ಇರುವುದುಂಟು. ಗಾಡಿಯಿಂದ ಬಿಚ್ಚಿದ ಹಳೆಯ ಫಿಲ್ಟರನ್ನೂ ಆಗಾಗ ಕೊಯ್ಯುವ ಅಭ್ಯಾಸ ಇಟ್ಟುಕೋ. ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದಾಗ ತಾಮ್ರದ ಬಣ್ಣದ ಮಿಂಚು ಕಂಡರೆ ಬೇರಿಂಗ್ ಸವೆಯುತ್ತಿದೆ ಎಂದು ಗಿರಾಕಿಗೆ ಹೇಳು, ಅಯಸ್ಕಾಂತಕ್ಕೆ ಅಂಟಿದರೆ ಅದು ಉಕ್ಕು. ಬೇರಿಂಗ್ ಕೂಗುವ ಮುಂಚೆಯೇ ಹೀಗೆ ಸುಳಿವು ಕೊಟ್ಟ ಮೆಕ್ಯಾನಿಕ್‌ನನ್ನು ಜನ ಬಿಡುವುದಿಲ್ಲ.

ಥ್ರೆಡ್ ಕೂತಿತು ಎಂದು ಫಿಲ್ಟರ್ ಹೊಂದಿತು ಎಂದುಕೊಳ್ಳಬೇಡ. ನೋಡಲು ಒಂದೇ ತರಹದ ಎರಡು ಡಬ್ಬಗಳಲ್ಲಿ ಒಂದಕ್ಕೆ ಬೈಪಾಸ್ ಇರಬಹುದು, ಇನ್ನೊಂದಕ್ಕೆ ಇಲ್ಲದಿರಬಹುದು. ಕೆಲವು ಇಂಜಿನ್‌ಗಳಲ್ಲಿ ಆ ವಾಲ್ವ್ ಬ್ಲಾಕ್‌ನಲ್ಲೇ ಇರುತ್ತದೆ. ಸ್ವಿಫ್ಟ್ ಪೆಟ್ರೋಲ್‌ಗೆ ತಗಡಿನ ಡಬ್ಬ. ಅದೇ ಸ್ವಿಫ್ಟ್‌ಗೆ ಬರುತ್ತಿದ್ದ 1.3 ಲೀಟರ್ ಡೀಸೆಲ್‌ಗೆ ಬರಿಯ ಕಾಗದದ ಎಲಿಮೆಂಟ್, ಮುಚ್ಚಳದ ಓ-ರಿಂಗ್ ಪ್ರತಿ ಸಲ ಹೊಸದಾಗಿ ಹಾಕಬೇಕು. ಅಗ್ಗದ ಎಲಿಮೆಂಟ್ ಜೊತೆ ಓ-ರಿಂಗ್ ಬರದಿದ್ದರೆ ಹಳೆಯದನ್ನೇ ಒರೆಸಿ ಹಾಕುವ ಆಸೆ ಹುಟ್ಟುತ್ತದೆ, ಹಾಕಬೇಡ. ಬೈಕ್‌ಗಳಲ್ಲೂ ನೋಡಿಕೋ. ಯಾವ ಮುಖ ಹೊರಗಿರಬೇಕು ಎಂದು ಗುರುತಿರುವ ಎಲಿಮೆಂಟ್‌ಗಳಿವೆ, ತಿರುಗಿಸಿ ಹಾಕಿದರೆ ಎಣ್ಣೆಯ ದಾರಿಯೇ ಮುಚ್ಚಿಹೋಗುತ್ತದೆ. ಸ್ಪ್ಲೆಂಡರ್‌ನಂಥ ಗಾಡಿಗೆ ಬದಲಿಸುವ ಕಾಗದದ ಫಿಲ್ಟರೇ ಇಲ್ಲ, ಜಾಲರಿಯನ್ನೂ ತಿರುಗುವ ಬಟ್ಟಲನ್ನೂ ಬಿಚ್ಚಿ ತೊಳೆಯಬೇಕು. ಅದಕ್ಕೆ ಫಿಲ್ಟರ್ ಬಿಲ್ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಗಾಡಿ ವಾರಂಟಿಯಲ್ಲಿದ್ದರೆ ಜೆನ್ಯೂನ್ ಬಿಟ್ಟು ಬೇರೆ ಮಾತೇ ಬೇಡ. ಕಾನೂನಿನ ಕಡೆಯಿಂದ ಗಿರಾಕಿಗೆ ಆಸರೆ ಇಲ್ಲವೆಂದಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿ, ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೂ ಬಿಡಿ, ಹೊರಗೆ ರಿಪೇರಿ ಮಾಡಿಸಿದರೆಂಬ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಎನ್ನಬೇಡಿ ಎಂದು ಹೇಳಿತ್ತು. ಕಂಪನಿಗಳು ಅದರ ವಿರುದ್ಧ ಮೇಲ್ಮನವಿಗೆ ಹೋದವು. ನಮ್ಮಂಥ ಗ್ಯಾರೇಜಿನವರಿಗೆ ಅದು ಸಣ್ಣ ಆದೇಶವಲ್ಲ. ಆದರೂ ಇಂಜಿನ್ ಕೆಟ್ಟು ಶೋರೂಂನಲ್ಲಿ ವಾದಕ್ಕೆ ನಿಂತಾಗ ಗಿರಾಕಿಯ ಕೈಯಲ್ಲಿ ಜೆನ್ಯೂನ್ ಫಿಲ್ಟರಿನ ಬಿಲ್ ಇದ್ದರೆ ವಾದವೇ ಬೇಕಾಗುವುದಿಲ್ಲ. ನೂರಿನ್ನೂರು ರೂಪಾಯಿಯ ಸಾಮಾನಿಗೆ ಅವನನ್ನು ಕೋರ್ಟು ಕಟ್ಟೆ ಹತ್ತಿಸುವುದು ನ್ಯಾಯವಲ್ಲ.

ಹೆಚ್ಚು ಬೆಲೆಯ 'ಪರ್ಫಾರ್ಮೆನ್ಸ್' ಫಿಲ್ಟರ್ ಬೇಕೆಂದು ಕೇಳುವ ಹುಡುಗರೂ ಬರುತ್ತಾರೆ. ಡಬ್ಬದ ಮೇಲೆ ಮೈಕ್ರಾನ್ ಬರೆದಿರುತ್ತದೆ. ನಮ್ಮ ಕೂದಲು ಸುಮಾರು 70 ಮೈಕ್ರಾನ್ ದಪ್ಪ. ಬೇರಿಂಗಿಗೆ ಹಾನಿ ಮಾಡುವ ಕಣಗಳು ಅದಕ್ಕಿಂತ ಎಷ್ಟೋ ಸಣ್ಣವು, ಕಣ್ಣಿಗೆ ಕಾಣುವುದೇ ಇಲ್ಲ. ಆದರೆ 20 ಮೈಕ್ರಾನ್ ಎಂದಷ್ಟೇ ಬರೆದರೆ ಅದಕ್ಕೆ ಅರ್ಥವಿಲ್ಲ. ಆ ಗಾತ್ರದ ಕಣಗಳಲ್ಲಿ ನೂರಕ್ಕೆ ಐವತ್ತು ಹಿಡಿಯುವುದೂ 20 ಮೈಕ್ರಾನ್ ಫಿಲ್ಟರೇ, ತೊಂಬತ್ತೊಂಬತ್ತು ಹಿಡಿಯುವುದೂ ಅದೇ. ಐಎಸ್‌ಒ 4548-12 ಪರೀಕ್ಷೆಯ ಪ್ರಕಾರ ಶೇಕಡಾ ಎಷ್ಟು ಎಂದು ಬರೆದಿದ್ದರೆ ನಂಬು. ಸಿಂಥೆಟಿಕ್ ನೂಲಿನ ಫಿಲ್ಟರ್‌ಗಳು ನಿಜಕ್ಕೂ ಹೆಚ್ಚು ಕೊಳೆ ಹಿಡಿದಿಟ್ಟುಕೊಳ್ಳುತ್ತವೆ, ಆದರೆ ಕಂಪನಿ ಹೇಳಿದ 10,000 ಕಿಲೋಮೀಟರ್ ಅಥವಾ ಒಂದು ವರ್ಷಕ್ಕೆ ಸರಿಯಾಗಿ ಬದಲಿಸುವ ಮನೆಯ ಕಾರಿಗೆ ಅದರ ಅಗತ್ಯ ನನಗೆ ಕಂಡಿಲ್ಲ. ಕ್ವಾರಿ ದೂಳಿನಲ್ಲಿ, ಸಿಟಿ ಟ್ರಾಫಿಕ್‌ನಲ್ಲಿ ದಿನವಿಡೀ ಓಡುವ ಟ್ಯಾಕ್ಸಿಗೆ ದುಬಾರಿ ಫಿಲ್ಟರಿಗಿಂತ ಬೇಗ ಬದಲಿಸುವುದೇ ಮದ್ದು. ಡೀಸೆಲ್ ಗಾಡಿಯ ಎಣ್ಣೆ ಸ್ವಲ್ಪ ದಿನಕ್ಕೇ ಕಪ್ಪಾಯಿತೆಂದು ಯಾರಾದರೂ ಫಿಲ್ಟರ್ ದೂರಿದರೆ ಸಮಾಧಾನವಾಗಿ ತಿಳಿಸಿ ಹೇಳು: ಆ ಮಸಿಯ ಕಣ ಕಾಗದಕ್ಕೆ ಸಿಗದಷ್ಟು ಸಣ್ಣದು, ಅದನ್ನು ಗಡ್ಡೆಕಟ್ಟದಂತೆ ಹಿಡಿದಿಡುವುದು ಎಣ್ಣೆಯ ಕೆಲಸ.

ಕೊನೆಯದಾಗಿ, ಹಾಕುವ ಕೈ. ಅತ್ಯುತ್ತಮ ಫಿಲ್ಟರನ್ನೂ ಕೆಟ್ಟದಾಗಿ ಹಾಕಿ ಇಂಜಿನ್ ಕೊಲ್ಲಬಹುದು. ಹಳೆಯ ಫಿಲ್ಟರ್ ಬಿಚ್ಚಿದ ಕೂಡಲೇ ಅದರ ಗ್ಯಾಸ್ಕೆಟ್ ಅದರ ಜೊತೆಗೇ ಬಂತಾ ನೋಡು. ಅದು ಇಂಜಿನ್‌ಗೇ ಅಂಟಿ ಉಳಿದು ಅದರ ಮೇಲೆ ಹೊಸದು ಕೂತರೆ, ಹೈವೇಯಲ್ಲಿ ಒತ್ತಡ ಏರಿದಾಗ ಎಣ್ಣೆಯೆಲ್ಲ ರಸ್ತೆಗೆ ಚೆಲ್ಲುತ್ತದೆ. ಹೊಸ ಗ್ಯಾಸ್ಕೆಟ್‌ಗೆ ಬೆರಳಲ್ಲಿ ಹೊಸ ಎಣ್ಣೆ ಸವರು, ಕೈಯಲ್ಲೇ ತಿರುಗಿಸು, ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಸಾಕು. ಫಿಲ್ಟರ್ ಮೇಲೇ ಬೇರೆ ಬರೆದಿದ್ದರೆ ಅದರಂತೆ ಮಾಡು. ಸ್ಟಾರ್ಟ್ ಮಾಡಿ ಲೈಟ್ ಆರುವವರೆಗೆ ಆಕ್ಸಿಲರೇಟರ್ ಮುಟ್ಟಬೇಡ, ಆಫ್ ಮಾಡಿ ಕೆಳಗೆ ಟಾರ್ಚ್ ಬಿಡು, ಡಿಪ್‌ಸ್ಟಿಕ್ ನೋಡು. ಬಿಚ್ಚಿದ ಫಿಲ್ಟರಿನ ನೆತ್ತಿಗೆ ತೂತು ಹೊಡೆದು ರಾತ್ರಿಯಿಡೀ ಡ್ರಮ್ ಮೇಲೆ ಬಸಿಯಲು ಇಡು. ಆ ಎಣ್ಣೆಯನ್ನು ಚರಂಡಿಗೂ ಮಣ್ಣಿಗೂ ಬಿಡದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆಯವರಿಗೆ ಕೊಡು. ಬಿಲ್‌ನಲ್ಲಿ ಬರಿ 'ಆಯಿಲ್ ಫಿಲ್ಟರ್' ಎಂದು ಬರೆಯದೆ ತಯಾರಕರ ಹೆಸರು, ಪಾರ್ಟ್ ನಂಬರ್, ಅಂದಿನ ಕಿಲೋಮೀಟರ್ ಮೂರನ್ನೂ ಬರೆದು, ಖಾಲಿ ಡಬ್ಬವನ್ನು ಗಿರಾಕಿಗೆ ತೋರಿಸಿ ಅವನೆದುರೇ ಹರಿದು ಹಾಕು.