ಒಂದು ವಂಶದ ಬೇನೆ

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ಟೌರಂಗ ಎಂಬ ರೇವುಪಟ್ಟಣವಿದೆ. ಆ ಪ್ರದೇಶದ ಒಂದು ದೊಡ್ಡ ಮಾವೊರಿ ಕುಟುಂಬವನ್ನು ಜಠರದ ಕ್ಯಾನ್ಸರು ತಲೆತಲಾಂತರದಿಂದ ಕಾಡುತ್ತಿತ್ತು. ಸುಮಾರು 30 ವರ್ಷಗಳಲ್ಲಿ ಅವರಲ್ಲಿ 25 ಮಂದಿ ಇದಕ್ಕೆ ಬಲಿಯಾದರು. ಸಾಮಾನ್ಯವಾಗಿ ಇದು ಇಳಿವಯಸ್ಸಿನ ರೋಗ. ಇಲ್ಲಿಯಾದರೋ ರೋಗಿಗಳಲ್ಲಿ ಹೆಚ್ಚಿನವರು ನಲವತ್ತನ್ನು ದಾಟಿರಲಿಲ್ಲ. ಅತ್ಯಂತ ಕಿರಿಯ ರೋಗಿಯ ವಯಸ್ಸು ಕೇವಲ 14. ಇದು ಶಾಪವೆಂದು ಆಡಿಕೊಂಡವರೂ ಇದ್ದರು.

1990ರ ದಶಕದಲ್ಲಿ ಆ ಕುಟುಂಬದವರೇ ಮುಂದೆ ಬಂದು ಒಟಾಗೊ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ನೆರವನ್ನು ಕೋರಿದರು. ವಂಶಾವಳಿಯನ್ನು ನೆನಪಿನಲ್ಲಿ ಕಾಪಾಡಿಕೊಂಡು ಬರುವುದು ಮಾವೊರಿ ಜನರ ಸಂಪ್ರದಾಯ. ನಮ್ಮಲ್ಲಿ ಅನೇಕರಿಗೆ ಮುತ್ತಜ್ಜನ ಹೆಸರೇ ತಿಳಿಯದು! ಯಾರ ಮಕ್ಕಳು ಯಾರು, ಯಾರು ಹೇಗೆ ತೀರಿಕೊಂಡರು ಎಂಬ ಆ ನೆನಪೇ ಸಂಶೋಧನೆಗೆ ದಾರಿದೀಪವಾಯಿತು.

1998ರಲ್ಲಿ ಪ್ಯಾರಿ ಗಿಲ್‌ಫರ್ಡ್ ಮತ್ತು ಅವರ ಸಂಗಡಿಗರು ಕಾರಣವನ್ನು ಪ್ರಕಟಿಸಿದರು. 16ನೆಯ ವರ್ಣತಂತುವಿನಲ್ಲಿರುವ ಸಿಡಿಎಚ್-1 ಎಂಬ ಜೀನಿನಲ್ಲಿ ಲೋಪವಿತ್ತು. ಇಟ್ಟಿಗೆಗಳನ್ನು ಗಾರೆಯು ಹಿಡಿದಿಡುವಂತೆ, ಈ ಜೀನಿನಿಂದ ರೂಪುಗೊಳ್ಳುವ ಪ್ರೋಟೀನು ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಡುತ್ತದೆ. ನಮ್ಮಲ್ಲಿ ಈ ಜೀನಿನ ಎರಡು ಪ್ರತಿಗಳಿವೆ. ತಂದೆಯಿಂದ ಒಂದು, ತಾಯಿಯಿಂದ ಒಂದು. ಹುಟ್ಟಿನಿಂದಲೇ ಒಂದು ಕೆಟ್ಟಿದ್ದರೂ ಇನ್ನೊಂದು ಕಾರ್ಯವನ್ನು ನಡೆಸಿಕೊಂಡು ಹೋಗುತ್ತದೆ. ಜಠರದ ಯಾವುದೋ ಕೋಶದಲ್ಲಿ ಆ ಎರಡನೆಯದೂ ನಿಷ್ಕ್ರಿಯವಾದರೆ ಗಾರೆ ಸಡಿಲಗೊಂಡಂತೆಯೇ ಸರಿ. ಆಗ ಹುಟ್ಟುವ ಕ್ಯಾನ್ಸರು ಗಂಟಾಗಿ ಬೆಳೆಯದೆ ಜಠರದ ಒಳಪೊರೆಯ ಅಡಿಯಲ್ಲಿ ಚದರಿ ಹರಡುತ್ತದೆ. ಗಂಟಲಿನ ಮೂಲಕ ನಳಿಗೆಯನ್ನು ಇಳಿಸಿ ನೋಡಿದರೂ ಅದು ಎಷ್ಟೋ ಸಲ ವೈದ್ಯರ ಕಣ್ಣಿಗೆ ಬೀಳುವುದಿಲ್ಲ. ಬೀಳುವ ವೇಳೆಗೆ ಚಿಕಿತ್ಸೆಯ ಕಾಲ ಮೀರಿರುವುದೇ ಹೆಚ್ಚು.

ಜಠರದ ಕ್ಯಾನ್ಸರುಗಳಲ್ಲಿ ಹೀಗೆ ವಂಶದಿಂದ ಬರುವಂಥವು ನೂರಕ್ಕೆ ಮೂರನ್ನು ಮೀರವು. ಲೋಪವಿದ್ದವರೆಲ್ಲರಿಗೂ ರೋಗ ಬಂದೇ ತೀರುತ್ತದೆಂದೂ ಅಲ್ಲ. ಆದರೆ ಅಪಾಯ ಬಹಳ ಹೆಚ್ಚು.

ಕಾರಣ ತಿಳಿದ ಮೇಲೆ ರಕ್ತಪರೀಕ್ಷೆ ಸಾಧ್ಯವಾಯಿತು. ತಂದೆ ಅಥವಾ ತಾಯಿಯಲ್ಲಿ ಲೋಪವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಬಾರದವರು ನಿಶ್ಚಿಂತರು. ಬಂದವರ ಮುಂದೆ ಕಠಿಣವಾದ ಪ್ರಶ್ನೆಯೊಂದು ನಿಂತಿತು: ನೋವಿಲ್ಲ, ರೋಗದ ಸುಳಿವಿಲ್ಲ, ಆದರೂ ಇಡೀ ಜಠರವನ್ನು ತೆಗೆಸಿಹಾಕಬೇಕೆ? ಜಠರವಿಲ್ಲದೆಯೂ ಮನುಷ್ಯ ಬದುಕಬಲ್ಲನು. ಶಸ್ತ್ರವೈದ್ಯರು ಅನ್ನನಾಳವನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಬಳಿಕ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣಬೇಕು; ಬಿ-12 ಜೀವಸತ್ವವನ್ನು ಜೀವಮಾನವಿಡೀ ಪಡೆಯುತ್ತಿರಬೇಕು.

ಆ ಕುಟುಂಬದ ಹಲವರು ಶಸ್ತ್ರಚಿಕಿತ್ಸೆಗೆ ಒಪ್ಪಿದರು. ತೆಗೆದ ಜಠರಗಳು ಮೇಲ್ನೋಟಕ್ಕೆ ನಿರ್ದುಷ್ಟವಾಗಿಯೇ ಕಾಣುತ್ತಿದ್ದವು. ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಪರೀಕ್ಷಿಸಿದಾಗ ಅವುಗಳ ಒಳಪೊರೆಯಲ್ಲಿ ಅಲ್ಲಲ್ಲಿ ಕ್ಯಾನ್ಸರಿನ ಮೊಳಕೆಗಳು ಆಗಲೇ ಮೂಡಿದ್ದವು.