ಲೋಳೆಮೀನಿನ ಕುಟುಕು: ಕಡಲಿಗೆ ಇಳಿಯುವ ಮುನ್ನ

ಭತ್ತದ ಕೊಯ್ಲಿನ ಹೊತ್ತಿಗೆ ಕೊತ್ತತ್ತಿ ಸುತ್ತಲಿನ ಶಾಲೆಗಳ ಪ್ರವಾಸಗಳೂ ಭಕ್ತರ ಯಾತ್ರೆಗಳೂ ಮೊದಲಾಗುತ್ತವೆ. ಗೋಕರ್ಣ, ಮುರ್ಡೇಶ್ವರಗಳ ದರ್ಶನ ಮುಗಿಸಿದವರು ಕಡಲಿಗೆ ಇಳಿಯದೆ ಹಿಂದಿರುಗುವುದು ಅಪರೂಪ. ನಾಲೆಯಲ್ಲಿ ಈಜು ಕಲಿತ ನಮ್ಮ ಮಕ್ಕಳಿಗೆ ಅಲೆಗಳ ಸೆಳೆತದ ಎಚ್ಚರಿಕೆಯನ್ನು ಹಿರಿಯರು ಹೇಳಿರುತ್ತಾರೆ. ಲೋಳೆಮೀನಿನ ಮಾತನ್ನು ಹೇಳುವವರು ವಿರಳ. ಇಂಗ್ಲಿಷಿನಲ್ಲಿ ಜೆಲ್ಲಿಫಿಶ್ ಎನ್ನುವ ಈ ಜೀವಿಗೆ ಅಂಬಲಿಮೀನು ಎಂಬ ಹೆಸರೂ ಉಂಟು. 2020ರ ನವೆಂಬರ್‌ನಲ್ಲಿ ಗೋವೆಯ ತೀರಗಳಲ್ಲಿ ಎರಡೇ ದಿನಗಳಲ್ಲಿ 90ಕ್ಕೂ ಹೆಚ್ಚು ಮಂದಿ ಇದರ ಕುಟುಕಿಗೆ ಒಳಗಾಗಿ ಜೀವರಕ್ಷಕರಿಂದ ಪ್ರಥಮ ಚಿಕಿತ್ಸೆ ಪಡೆದರು. ಗೋಕರ್ಣದ ಕಡಲೂ ಅದೇ ಕಡಲು.

ಹೆಸರಿನಲ್ಲಿ ಮೀನೆಂದಿದ್ದರೂ ಇದು ಮೀನಲ್ಲ. ಮೂಳೆಯಿಲ್ಲ, ಮಿದುಳಿಲ್ಲ, ಹೃದಯವಿಲ್ಲ. ದೇಹದ ನೂರಕ್ಕೆ ತೊಂಬತ್ತೈದು ಭಾಗ ನೀರು. ಕೊಡೆಯಂತಹ ದೇಹದಿಂದ ಇಳಿಬಿದ್ದ ಎಳೆಗಳಲ್ಲಿ ಅಸಂಖ್ಯ ಕುಟುಕು ಕೋಶಗಳಿರುತ್ತವೆ. ಪ್ರತಿಯೊಂದರೊಳಗೂ ಸುರುಳಿ ಸುತ್ತಿಕೊಂಡ ಟೊಳ್ಳು ದಾರವೊಂದು ಒತ್ತಡದಲ್ಲಿ ಅಡಗಿರುತ್ತದೆ. ಚರ್ಮ ತಾಕಿದೊಡನೆ ಅದು ಕಣ್ಣೆವೆ ಮಿಟುಕುವುದಕ್ಕಿಂತ ಎಷ್ಟೋ ಪಾಲು ವೇಗವಾಗಿ ಹೊರಚಿಮ್ಮಿ ವಿಷವನ್ನು ಒಳಸೇರಿಸುತ್ತದೆ. ಕುಟುಕಲು ಪ್ರಾಣಿಯ ಇಚ್ಛೆ ಬೇಕಿಲ್ಲ, ಪ್ರಾಣವೂ ಬೇಕಿಲ್ಲ. ಮರಳ ಮೇಲೆ ಸತ್ತುಬಿದ್ದ ಲೋಳೆಮೀನೂ, ನೀರಿನಲ್ಲಿ ತೇಲುವ ಹರಿದ ಎಳೆಯೂ ಕುಟುಕಬಲ್ಲವು. ಆದುದರಿಂದ ಮಕ್ಕಳು ಅದನ್ನು ಕೋಲಿನಿಂದ ತಿವಿದು ಆಮೇಲೆ ಕೈಯಿಂದ ಮುಟ್ಟುವುದನ್ನು ತಡೆಯಬೇಕು.

ನಮ್ಮ ನದಿ-ಕೆರೆಗಳಲ್ಲಿಯೂ ಇದು ಇದ್ದೀತೇ ಎಂಬ ಸಂಶಯ ಸಹಜ. ಪಶ್ಚಿಮ ಘಟ್ಟದ ಕೆಲವು ನದಿಗಳಲ್ಲಿ ನಾಣ್ಯದಷ್ಟು ಚಿಕ್ಕದಾದ ಸಿಹಿನೀರಿನ ಜಾತಿಯೊಂದುಂಟು. ಅದರಿಂದ ಮನುಷ್ಯರಿಗೆ ಅಪಾಯವಿಲ್ಲ.

ಅರಬ್ಬೀ ಸಮುದ್ರದಲ್ಲಿ ನೈಋತ್ಯ ಮುಂಗಾರಿನ ಕಾಲಕ್ಕೆ ಆಳದ ತಂಪು ನೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುತ್ತದೆ. ಅದರಿಂದ ಪ್ಲವಕಗಳೆಂಬ ಸೂಕ್ಷ್ಮಜೀವಿಗಳು ಹೇರಳವಾಗುತ್ತವೆ. ಅವನ್ನು ತಿಂದು ಲೋಳೆಮೀನುಗಳು ಬೆಳೆಯುತ್ತವೆ. ಅನೇಕ ಜಾತಿಗಳ ಮರಿಗಳು ಕಲ್ಲಿಗೋ ಚಿಪ್ಪಿಗೋ ಅಂಟಿಕೊಂಡು ಪಾಲಿಪ್ ಎಂಬ ರೂಪದಲ್ಲಿ ಕಾದಿದ್ದು, ಅನುಕೂಲ ಕಾಲ ಬಂದಾಗ ಒಂದೊಂದು ಪಾಲಿಪ್ ಹಲವು ಲೋಳೆಮೀನುಗಳಾಗಿ ಬೇರ್ಪಡುತ್ತದೆ. ಹಿಂಡು ಹಠಾತ್ತಾಗಿ ಕಾಣಿಸಿಕೊಳ್ಳುವುದಕ್ಕೆ ಇದು ಕಾರಣ. ಹೊಲಗಳ ರಸಗೊಬ್ಬರ ನದಿಯ ಮೂಲಕ ಕಡಲು ಸೇರುವುದೂ, ಪ್ಲವಕಗಳಿಗೆ ಪೈಪೋಟಿ ನೀಡುವ ಬೂತಾಯಿಯಂತಹ ಮೀನುಗಳನ್ನು ಮಿತಿಮೀರಿ ಹಿಡಿಯುವುದೂ, ಲೋಳೆಮೀನನ್ನು ತಿನ್ನುವ ಕಡಲಾಮೆಗಳ ನಾಶವೂ ಇವುಗಳ ವೃದ್ಧಿಗೆ ನೆರವಾಗುತ್ತವೆ ಎಂದು ತಜ್ಞರು ಶಂಕಿಸುತ್ತಾರೆ. ಆದರೆ ಜಗತ್ತಿನಾದ್ಯಂತ ಇವು ಹೆಚ್ಚುತ್ತಲೇ ಇವೆ ಎಂಬ ಮಾತನ್ನು ಎಚ್ಚರದಿಂದ ಸ್ವೀಕರಿಸಬೇಕು. ಹಲವು ದಶಕಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇವುಗಳ ಸಂಖ್ಯೆ ಸುಮಾರು 20 ವರ್ಷಗಳ ಆವರ್ತದಲ್ಲಿ ಏರಿ ಇಳಿಯುತ್ತದೆ ಎಂದು ತೋರಿಸಿತು.

ಕುಟುಕಿದ ಜಾಗದಲ್ಲಿ ಚಾಟಿಯೇಟಿನಂತಹ ಕೆಂಪು ಬರೆಗಳೂ ಉರಿಯೂ ಕಾಣಿಸಿಕೊಳ್ಳುತ್ತವೆ. ಮೊದಲು ನೀರಿನಿಂದ ಹೊರಬರಬೇಕು. ನೋವಿನ ಗಾಬರಿಯಲ್ಲಿ ಮುಳುಗುವ ಅಪಾಯವೇ ದೊಡ್ಡದು. ಅನಂತರ ಅಂಟಿದ ಎಳೆಗಳನ್ನು ಸಮುದ್ರದ ನೀರಿನಿಂದಲೇ ತೊಳೆಯಬೇಕು. ಬಾಟಲಿಯ ಕುಡಿಯುವ ನೀರನ್ನು ಸುರಿಯುವುದು ಸಾಮಾನ್ಯವಾಗಿ ನಡೆಯುವ ತಪ್ಪು: ಸಿಹಿನೀರು ತಗುಲಿದೊಡನೆ ಸಿಡಿಯದೆ ಉಳಿದಿದ್ದ ಕೋಶಗಳೂ ಸಿಡಿಯಬಹುದು. ಮರಳಿನಿಂದ ಉಜ್ಜುವುದು, ಟವೆಲಿನಿಂದ ತಿಕ್ಕುವುದು, ಸ್ಪಿರಿಟ್ ಹಚ್ಚುವುದು, ಬಿಗಿಯಾಗಿ ಪಟ್ಟಿ ಕಟ್ಟುವುದು ಇವೆಲ್ಲವೂ ವಿಷವನ್ನು ಹೆಚ್ಚಿಸುವ ಉಪಾಯಗಳೇ. ಮೂತ್ರ ಹಾಕಬೇಕೆಂಬ ನಂಬಿಕೆಗೆ ಆಧಾರವಿಲ್ಲ. ಉಳಿದ ಎಳೆಗಳನ್ನು ಚಿಮಟದಿಂದ ಮೇಲಕ್ಕೆತ್ತಿ ತೆಗೆಯಬೇಕು. ಆಮೇಲೆ ಸುಮಾರು 45 ಡಿಗ್ರಿ ಬಿಸಿಯ, ಅಂದರೆ ಚರ್ಮ ಸುಡದೆ ಸಹಿಸಬಲ್ಲಷ್ಟು ಬಿಸಿಯ ನೀರಿನಲ್ಲಿ ಆ ಭಾಗವನ್ನು 20ರಿಂದ 40 ನಿಮಿಷ ಮುಳುಗಿಸಿಡಬೇಕು. ನೀರಿನ ಬಿಸಿಯನ್ನು ನೋಡಬೇಕಾದವರು ಕುಟುಕಿಸಿಕೊಂಡವರಲ್ಲ, ಜೊತೆಯವರು. ನೋವಿನಲ್ಲಿರುವ ಮಗುವಿಗೆ ಬಿಸಿಯ ಅಂದಾಜು ಸಿಗದು. ಬಿಸಿನೀರು ದೊರೆಯದಿದ್ದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯಿಂದ ನೋವು ಸ್ವಲ್ಪ ಶಮನವಾಗುತ್ತದೆ.

ವಿನೆಗರ್ ಎಲ್ಲಕ್ಕೂ ಮದ್ದಲ್ಲ. ಪೆಟ್ಟಿಗೆಯಾಕಾರದ, ಅತಿ ವಿಷಕಾರಿ ಜಾತಿ ಕುಟುಕಿದಾಗ ಅದನ್ನು ಅರ್ಧ ನಿಮಿಷ ಸುರಿದರೆ ಸಿಡಿಯದ ಕೋಶಗಳು ನಿಷ್ಕ್ರಿಯವಾಗುತ್ತವೆ, ನೋವು ಮಾತ್ರ ಇಳಿಯದು. ನೀಲಿ ಗಾಳಿಚೀಲದಂತೆ ತೇಲುವ ಬ್ಲೂಬಾಟಲ್ ಎಂಬ ಜೀವಿಯ ಕುಟುಕಿಗೆ ವಿನೆಗರ್ ಬೇಡವೆಂದು ಆಸ್ಟ್ರೇಲಿಯಾದ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. 2018ರ ಆಗಸ್ಟ್‌ನಲ್ಲಿ ಮುಂಬಯಿಯ ಜುಹು ತೀರದಲ್ಲಿ ಅನೇಕರನ್ನು ಕುಟುಕಿದ್ದು ಈ ಬ್ಲೂಬಾಟಲ್.

ಇದೇ ಗುಂಪಿನ ಜೀವಿಯೊಂದರ ವಿಷವನ್ನು 1901ರಲ್ಲಿ ಮೊನಾಕೊ ದೊರೆಯ ಹಡಗಿನಲ್ಲಿ ಪರೀಕ್ಷಿಸಿದ ಫ್ರಾನ್ಸಿನ ಶಾರ್ಲ್ ರಿಶೇ ಮತ್ತು ಪಾಲ್ ಪೋರ್ತಿಯೇ, ಊರಿಗೆ ಮರಳಿ ಕಡಲಹೂವಿನ ವಿಷದಿಂದ ಪ್ರಯೋಗ ಮುಂದುವರಿಸಿದರು. ಮೊದಲ ಸಲ ಚೇತರಿಸಿಕೊಂಡಿದ್ದ ನಾಯಿ ಕೆಲವು ವಾರಗಳ ಬಳಿಕ ಕೊಟ್ಟ ಅಲ್ಪ ಪ್ರಮಾಣಕ್ಕೆ ಅರ್ಧ ಗಂಟೆಯೊಳಗೆ ಸತ್ತಿತು. ತೀವ್ರ ಅಲರ್ಜಿಯ ಆಘಾತವೆಂದು ಇಂದು ನಾವು ಅರಿತಿರುವ ಈ ಸ್ಥಿತಿಯ ಶೋಧಕ್ಕಾಗಿ ರಿಶೇ ಅವರಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಹಿಂದೊಮ್ಮೆ ಕುಟುಕಿಸಿಕೊಂಡು ಏನೂ ಆಗದವರೂ ಎರಡನೆಯ ಸಲ ಎಚ್ಚರದಿಂದಿರಬೇಕಾದುದು ಇದಕ್ಕಾಗಿ. ಉಸಿರಾಟಕ್ಕೆ ತೊಂದರೆ, ಮುಖ ಅಥವಾ ನಾಲಿಗೆಯ ಊತ, ಎದೆನೋವು, ನಿಲ್ಲದ ವಾಂತಿ, ಮಂಪರು ಇವುಗಳಲ್ಲಿ ಯಾವುದು ಕಂಡರೂ, ಕಣ್ಣಿಗೆ ಕುಟುಕಿದರೂ, ಬಿಸಿನೀರಿಗಾಗಿ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಬೇಕು.