ತೊಳೆಯದ ಲೋಟ

ರಾಜಾಜಿನಗರ. ಸಂಜೆ ಆರು ಗಂಟೆ. ಅಜ್ಜಿ ಅಕ್ಷರ ಕಲಿಯುವ ಕೇಂದ್ರಕ್ಕೆ ಹೊರಟಿದ್ದರು. ಕೈಯಲ್ಲಿ ಪುಸ್ತಕದ ಚೀಲ. ಜೊತೆಗೆ ಮೊಮ್ಮಗ. ಅವನು ನೌಕಾಪಡೆಯಲ್ಲಿ ನಾವಿಕ. ಕಾರವಾರದಲ್ಲಿ ಐ.ಎನ್.ಎಸ್. ಕದಂಬ ಎಂಬ ನೌಕಾನೆಲೆ ಇದೆ. 2005ರಲ್ಲಿ ಶುರುವಾದದ್ದು. ಅಲ್ಲಿಂದ ರಜೆಗೆ ಬಂದಿದ್ದ.

ದಾರಿಯಲ್ಲಿ ಒಂದು ದರ್ಶಿನಿ. ಕಾಫಿಯ ಘಮ ಮೂಗಿಗೆ ಬಡಿಯಿತು.

"ಅಜ್ಜಿ, ಬೈಟು ಕಾಫಿ ಕುಡಿಯೋಣ್ವಾ?"

"ಹೂಂ, ಕುಡಿಯೋಣ."

ಬೈಟು ಎಂದರೆ ಒಂದು ಕಾಫಿ, ಎರಡು ಲೋಟ. ಬೆಂಗಳೂರಿನ ಹಳೆಯ ರೂಢಿ ಇದು. ಗೆಳೆಯರು ಹಂಚಿ ಕುಡಿಯುತ್ತಾರೆ.

ಲೋಟ ಹಿಡಿದು ಮೊಮ್ಮಗ ನಕ್ಕ.

"ಕಾಫಿ ಲೋಟ ತೊಳೆಯಲೇಬಾರದು ಅನ್ನೋರು ಇದ್ದಾರೆ, ಗೊತ್ತಾ ಅಜ್ಜಿ?"

"ಥೂ! ಯಾರೋ ಅವರು?"

"ಅಮೆರಿಕದ ನೌಕಾಪಡೆಯ ಹಳೇ ನಾವಿಕರು. ಅಲ್ಲಿ 1914ರಲ್ಲಿ ಹಡಗುಗಳಲ್ಲಿ ಮದ್ಯ ಕುಡಿಯೋದನ್ನ ನಿಲ್ಲಿಸಿದರು. ನಾವಿಕರಿಗೆ ಕಾಫಿಯೇ ದೊಡ್ಡ ಆಸರೆ. ರಾತ್ರಿ ಕಾವಲಿಗೆ ನಿದ್ದೆ ಬರಬಾರದಲ್ಲ! ಒಬ್ಬೊಬ್ಬರಿಗೂ ಸ್ವಂತ ಲೋಟ. ಅದರೊಳಗೆ ಕಪ್ಪು ಕರೆ ಕಟ್ಟಿರುತ್ತೆ. ಕರೆ ಹೆಚ್ಚಾದಷ್ಟೂ ಸೇವೆ ಹೆಚ್ಚು ಅಂತ ಲೆಕ್ಕ. ತೊಳೆದರೆ ರುಚಿ ಕೆಡುತ್ತೆ, ಕೆಟ್ಟದಾಗುತ್ತೆ ಅಂತಲೂ ಹೇಳ್ತಾರೆ. ಹೊಸ ಹುಡುಗ ಯಾರಾದರೂ ಹಿರಿಯನ ಲೋಟ ತೊಳೆದಿಟ್ಟರೆ ಬೈಗುಳ ಗ್ಯಾರಂಟಿ."

ಅಜ್ಜಿ ಜೋರಾಗಿ ನಕ್ಕರು. ಆಮೇಲೆ ಸುಮ್ಮನಾದರು.

"ನಮಗೂ ಬೇರೆ ಲೋಟ ಇತ್ತು ಮಗಾ" ಎಂದರು.

"ಎಲ್ಲಿ ಅಜ್ಜಿ?"

"ಮಾಗಡಿ ಕಡೆ, ನಮ್ಮೂರ ಹೋಟ್ಲಲ್ಲಿ. ನನಗೆ ಏಳೆಂಟು ವರ್ಷ. 1965ರ ಸುಮಾರು. ನಮ್ಮನ್ನ ಒಳಗೆ ಬಿಡ್ತಿರಲಿಲ್ಲ. ಹೊರಗೆ ಗೋಡೆ ಗೂಡಲ್ಲಿ ಲೋಟ ಇರ್ತಿತ್ತು. ನಮ್ಮ ಕೇರಿಯವರಿಗೆ ಅಂತಲೇ. ಅಪ್ಪ ಅದನ್ನ ಹಿಡಿದು ನಿಲ್ಲೋರು. ಅವರು ಮೇಲಿಂದ ಕಾಫಿ ಹೊಯ್ಯೋರು. ಕುಡಿದು, ನಾವೇ ತೊಳೆದು, ಮತ್ತೆ ಅಲ್ಲೇ ಇಡಬೇಕು. ಕಾಸು ಮಾತ್ರ ಎಲ್ಲರಷ್ಟೇ. ನಿನ್ನ ನಾವಿಕರು ಹೆಮ್ಮೆಯಿಂದ ತೊಳೆಯಲ್ಲ. ನಾವು ಅವಮಾನದಿಂದ ತೊಳೀತಿದ್ವಿ."

"ಆಗಲೇ ಕಾನೂನು ಇತ್ತಲ್ಲ ಅಜ್ಜಿ?"

"ಇತ್ತು. ಮೊನ್ನೆ ಕೇಂದ್ರದಲ್ಲಿ ಮೇಡಂ ಓದಿಸಿದರು. ಆಗ ನಮಗೆ ಓದೋಕೆ ಬರ್ತಿರಲಿಲ್ಲ. ಓದು ಬಂದವರು ನಮಗೆ ಹೇಳಲಿಲ್ಲ."

ಅಜ್ಜಿಯ ಮಾತು ನಿಜ. ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಬಂತು. ಈಗ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಹೋಟೆಲಿನ ಒಳಗೆ ಬಿಡದಿದ್ದರೆ ಅಪರಾಧ. ಎಲ್ಲರೂ ಬಳಸುವ ಲೋಟ, ತಟ್ಟೆ ಕೊಡದಿದ್ದರೂ ಅಪರಾಧ. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆಯೂ ಬಂತು.

ಆದರೂ ಕೆಲವು ಊರುಗಳಿಂದ ಬೇರೆ ಲೋಟದ ದೂರು ಈಗಲೂ ಕೇಳಿಬರುತ್ತದೆ. ಹಾಗೆ ಕಂಡರೆ ಸುಮ್ಮನಿರಬೇಡಿ. ಪೊಲೀಸ್ ಠಾಣೆಗೆ ದೂರು ಕೊಡಿ. 14566 ಸಹಾಯವಾಣಿಗೆ ಫೋನ್ ಮಾಡಿ. ಇದಕ್ಕೆ ಹಣ ಕೊಡಬೇಕಿಲ್ಲ.

ಕಾಫಿ ಮುಗಿಯಿತು. ಹೋಟೆಲಿನ ಹುಡುಗ ಬಂದ. ಎಲ್ಲರ ಲೋಟಗಳನ್ನೂ ಒಂದೇ ಟಬ್ಬಿಗೆ ಹಾಕಿಕೊಂಡು ಹೋದ. ಅಜ್ಜಿ ಅದನ್ನೇ ನೋಡುತ್ತಾ ನಿಂತರು. ಆಮೇಲೆ ಚೀಲದಿಂದ ಪುಸ್ತಕ ತೆಗೆದರು. ಬೆರಳಿಟ್ಟು ಓದಿದರು.

"ಅ... ಸ್ಪೃ... ಒತ್ತಕ್ಷರ ಜಾಸ್ತಿ ಕಣೋ."

"ನಿಧಾನವಾಗಿ ಓದು ಅಜ್ಜಿ."

"ಅಸ್ಪೃಶ್ಯತೆಯನ್ನು ರದ್ದು ಮಾಡಿದೆ" ಎಂದು ಅಜ್ಜಿ ಪೂರ್ತಿ ಓದಿದರು. ಪುಸ್ತಕ ಮಡಿಚಿ, "ನಡಿ, ಹೊತ್ತಾಯ್ತು" ಎಂದರು.

ಓದಿ, ಉತ್ತರ ಹೇಳಿ

1. ಹಳೇ ನಾವಿಕರು ಲೋಟ ಏಕೆ ತೊಳೆಯುವುದಿಲ್ಲ?
2. ಅಜ್ಜಿಯ ಊರಿನಲ್ಲಿ ಬೇರೆ ಲೋಟ ಏಕೆ ಇತ್ತು?
3. ಸಂವಿಧಾನದ 17ನೇ ವಿಧಿ ಏನು ಹೇಳುತ್ತದೆ?
4. ನಿಮ್ಮ ಊರಿನ ಹೋಟೆಲಿನಲ್ಲಿ ಎಲ್ಲರಿಗೂ ಒಂದೇ ಬಗೆಯ ಲೋಟ ಇದೆಯೇ? ಮಾತನಾಡಿ.